ಎಂಟು ಮಿಲಿಮೀಟರ್ ಆಳದ ಫಿಸ್ಟುಲಾ: ಡಯಾಲಿಸಿಸ್‌ಗೆ ಬಂದ ಮಹಿಳೆಯೊಬ್ಬರ ಪ್ರಕರಣ ಅಧ್ಯಯನ

"ರಕ್ತನಾಳ ಸಣ್ಣ, ಫಿಸ್ಟುಲಾಗೆ ಯೋಗ್ಯವಲ್ಲ." ಮೊದಲ ಡಾಪ್ಲರ್ (ರಕ್ತನಾಳದ ಗಾತ್ರ, ಹರಿವು ನೋಡುವ ಅಲ್ಟ್ರಾಸೌಂಡ್) ವರದಿಯ ಕೊನೆಯಲ್ಲಿ ಇದ್ದದ್ದು ಇಷ್ಟೇ. ಫಿಸ್ಟುಲಾ ಎಂದರೆ ಡಯಾಲಿಸಿಸ್ ಸೂಜಿ ಚುಚ್ಚಲು ಕೈಯ ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಮಾಡುವ ದಾರಿ. ಇಪ್ಪತ್ತಮೂರು ವಾರ ಕಳೆಯುವ ಹೊತ್ತಿಗೆ ಅದೇ ಕೈಯ ಫಿಸ್ಟುಲಾಗೆ ಎರಡು ಸೂಜಿ ಹಾಕಿ ಡಯಾಲಿಸಿಸ್ ನಡೆಯುತ್ತಿತ್ತು. ನಡುವೆ ಏನೇನು ಎಡವಟ್ಟಾಯಿತು, ಅದರಲ್ಲಿ ಹೆಣ್ಣಿನ ದೇಹರಚನೆಯ ಪಾಲೆಷ್ಟು, ಅಳತೆ ಮತ್ತು ಯೋಜನೆಯ ತಪ್ಪಿನ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಈ ಬರಹದ ಉದ್ದೇಶ. ಇಲ್ಲಿನ ರೋಗಿ ನಿಜವಾದ ಒಬ್ಬ ವ್ಯಕ್ತಿಯಲ್ಲ. ಡಯಾಲಿಸಿಸ್ ಘಟಕಗಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದೇ ಕೈಗೆ ಜೋಡಿಸಿ ಕಟ್ಟಿದ ಮಾದರಿ ಪ್ರಕರಣ ಇದು.

ಒಂದೇ ಕ್ರಿಯಾಟಿನಿನ್, ಎರಡು ಅರ್ಥ

ವಯಸ್ಸು 54, ಎತ್ತರ 152 ಸೆಂ.ಮೀ., ಡ್ರೈ ವೇಟ್ (ಹೆಚ್ಚುವರಿ ನೀರು ತೆಗೆದ ಮೇಲಿನ ತೂಕ) 58 ಕೆ.ಜಿ. ಹದಿನಾಲ್ಕು ವರ್ಷದಿಂದ ಮಧುಮೇಹ, ಜೊತೆಗೆ ರಕ್ತದೊತ್ತಡ. ಬಲಗೈ ರೂಢಿಯವರು. ಕ್ರಿಯಾಟಿನಿನ್ (ಸ್ನಾಯುವಿನಿಂದ ಬಂದು ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) 2.0 ಇದ್ದಾಗ "ಸ್ವಲ್ಪ ಜಾಸ್ತಿ ಇದೆ, ಮೂರು ತಿಂಗಳು ಬಿಟ್ಟು ನೋಡೋಣ" ಎಂದಾಗಿತ್ತು. 3.2 ಆದಾಗಲೂ ಫಿಸ್ಟುಲಾದ ಮಾತು ಬರಲಿಲ್ಲ. ಕೊನೆಗೆ ಉಸಿರಾಟದ ತೊಂದರೆಯಿಂದ ತುರ್ತಾಗಿ ದಾಖಲಾಗಿ, ಬಲ ಕತ್ತಿನ ಒಳ ಜುಗ್ಯುಲರ್ ಅಭಿಧಮನಿಗೆ ಟನಲ್ ಕ್ಯಾತಿಟರ್ (ಚರ್ಮದಡಿ ಹಾಯಿಸಿ ಎದೆಯಲ್ಲಿ ಹೊರತೆಗೆಯುವ ಕೊಳವೆ) ಹಾಕಿಸಿಕೊಂಡು ಡಯಾಲಿಸಿಸ್ ಶುರುವಾಯಿತು.

ಸ್ನಾಯು ಕಡಿಮೆ ಇರುವ ದೇಹದಲ್ಲಿ ಕ್ರಿಯಾಟಿನಿನ್ ಉತ್ಪತ್ತಿಯೂ ಕಡಿಮೆ. ಕಿಡ್ನಿ ಸೋಸುವ ವೇಗವನ್ನು (ಇಜಿಎಫ್ಆರ್) ಅಂದಾಜಿಸುವ 2021ರ ಸಿಕೆಡಿ-ಎಪಿ ಸೂತ್ರಕ್ಕೆ ಅಂಕಿ ಹಾಕಿ ನೋಡಿದರೆ, 54 ವರ್ಷದ ಪುರುಷನಲ್ಲಿ ಕ್ರಿಯಾಟಿನಿನ್ 2.0 ಎಂದರೆ ಇಜಿಎಫ್ಆರ್ 39. ಅದೇ ವಯಸ್ಸಿನ ಮಹಿಳೆಯಲ್ಲಿ 29. ಕ್ರಿಯಾಟಿನಿನ್ 3.2 ಆದಾಗ ಪುರುಷನದು 22, ಮಹಿಳೆಯದು 17. ಕಿಡ್ನಿ ಕೆಲಸ ಇಳಿಯುತ್ತಲೇ ಇರುವವರನ್ನು ಇಜಿಎಫ್ಆರ್ 15ರಿಂದ 20ರೊಳಗೆ ಬರುವಾಗ ಶಸ್ತ್ರವೈದ್ಯರ ಬಳಿ ಕಳಿಸಬೇಕು ಎನ್ನುತ್ತದೆ ಅಮೆರಿಕದ ಕಿಡ್ನಿ ಚಿಕಿತ್ಸೆಯ 2019ರ ಕೆಡಿಒಕ್ಯುಐ ಮಾರ್ಗಸೂಚಿ. ಅಂದರೆ 3.2 ಬಂದ ದಿನ ಈಕೆ ಆ ಗೆರೆ ದಾಟಿ ಆಗಿತ್ತು. ವರದಿಯಲ್ಲಿ ಕ್ರಿಯಾಟಿನಿನ್ ಮಾತ್ರ ಕಣ್ಣಿಗೆ ಬೀಳುವಂತಿದ್ದರೆ ಸಣ್ಣ ಮೈಕಟ್ಟಿನ ಮಹಿಳೆಯರು ಹೀಗೆ ಜಾರಿಹೋಗುತ್ತಾರೆ. ಫಿಸ್ಟುಲಾ ಬೆಳೆಯಲು ಹೆಚ್ಚು ಸಮಯ ಬೇಕಾಗುವವರಿಗೇ ಕಡಿಮೆ ಸಮಯ ಸಿಗುತ್ತದೆ.

ಕ್ಯಾತಿಟರಿನದೂ ಒಂದು ಸಣ್ಣ ಪಾಠವಿದೆ. ಅಂಗಾತ ಮಲಗಿಸಿ ಎಕ್ಸ್-ರೇಯಲ್ಲಿ ತುದಿಯನ್ನು ಬಲ ಹೃತ್ಕರ್ಣದಲ್ಲಿ ಸರಿಯಾಗಿಯೇ ಕೂರಿಸಿದ್ದರು. ಎದ್ದು ಕೂತಾಗ ಸ್ತನದ ಭಾರಕ್ಕೆ ಎದೆಯ ಚರ್ಮ ಕೆಳಗೆ ಜಗ್ಗುತ್ತದೆ, ಅದರೊಂದಿಗೆ ಕ್ಯಾತಿಟರೂ ಹೊರಕ್ಕೆ ಸರಿಯುತ್ತದೆ, ತುದಿ ಮೇಲೇರುತ್ತದೆ. ಮಲಗಿದ್ದಾಗ ಚೆನ್ನಾಗಿ ಹರಿದ ರಕ್ತ, ಕುರ್ಚಿಯಲ್ಲಿ ಕೂತೊಡನೆ ಅಲಾರಂ ಹೊಡೆಸತೊಡಗಿತು. ಹೊರಬರುವ ರಂಧ್ರ ಒಳಉಡುಪಿನ ಪಟ್ಟಿಯ ಕೆಳಗೇ ಇದ್ದುದರಿಂದ ಐದನೇ ವಾರ ಅಲ್ಲಿ ಕೆಂಪಾಗಿ, ಔಷಧಿ ಹಚ್ಚಬೇಕಾಯಿತು. ರಂಧ್ರದ ಜಾಗವನ್ನು ರೋಗಿ ಕೂತಿರುವಾಗಲೇ, ಪಟ್ಟಿ ಎಲ್ಲಿ ಬರುತ್ತದೆಂದು ನೋಡಿ ಪೆನ್ನಿನಲ್ಲಿ ಗುರುತು ಮಾಡಿದ್ದರೆ ಎರಡೂ ತಪ್ಪುತ್ತಿದ್ದವು.

ಅಳೆದದ್ದು ಹೇಗೆ?

ಮೊದಲ ಡಾಪ್ಲರ್ ನಡೆದದ್ದು ಡಯಾಲಿಸಿಸ್ ಮುಗಿದ ಕೂಡಲೇ, ಎಸಿ ಕೋಣೆಯಲ್ಲಿ. ಮೈಯಿಂದ ಎರಡೂವರೆ ಲೀಟರ್ ನೀರು ತೆಗೆದಿದ್ದರು, ಕೈ ತಣ್ಣಗಿತ್ತು, ತೋಳಿಗೆ ಬಿಗಿಪಟ್ಟಿ ಕಟ್ಟಿರಲಿಲ್ಲ. ಎಡ ಮುಂಗೈಯ ಸೆಫಾಲಿಕ್ ಅಭಿಧಮನಿ (ವಾರ್ಡಿನ ಮಾತಿನಲ್ಲಿ 'ನರ') 1.6 ಮಿ.ಮೀ. ಎಂದು ಬಂತು. ಹಾಗೆ ಅಳೆದರೆ ಯಾರ ನರವಾದರೂ ಮುದುಡಿಕೊಂಡೇ ಇರುತ್ತದೆ. ದೊಡ್ಡ ನರ ಮುದುಡಿದರೂ ಪಾಸಾಗುತ್ತದೆ, ಅಂಚಿನಲ್ಲಿರುವ ನರ ಫೇಲಾಗುತ್ತದೆ. ಅಂಚಿನಲ್ಲಿರುವವರಲ್ಲಿ ಹೆಂಗಸರೇ ಹೆಚ್ಚು.

ಎರಡನೇ ವಾರ, ಡಯಾಲಿಸಿಸ್ ಇಲ್ಲದ ದಿನ ಮತ್ತೆ ಅಳೆದರು. ಬೆಚ್ಚಗಿನ ಕೋಣೆ, ಕೈ ಕೆಳಗೆ ಇಳಿಬಿಟ್ಟು ಕೂತ ಭಂಗಿ, ಕಂಕುಳ ಹತ್ತಿರ ಟೂರ್ನಿಕೇ ಪಟ್ಟಿ, ಎರಡು ನಿಮಿಷ ಮುಷ್ಟಿ ಬಿಗಿದು ಬಿಡುವುದು. ಪ್ರೋಬನ್ನು ಚರ್ಮಕ್ಕೆ ಒತ್ತದೆ, ನಡುವೆ ಜೆಲ್ಲಿನ ದಪ್ಪ ಪದರ ಬಿಟ್ಟು ಹಿಡಿಯಬೇಕು. ಒತ್ತಿದರೆ ದುಂಡಗಿನ ನರ ಚಪ್ಪಟೆಯಾಗಿ ಸುಳ್ಳು ಅಳತೆ ಕೊಡುತ್ತದೆ. ಈ ಸಲ ಮುಂಗೈಯ ಸೆಫಾಲಿಕ್ 2.2, ರೆಟ್ಟೆಯ ಸೆಫಾಲಿಕ್ 2.9, ಬೆಸಿಲಿಕ್ ಅಭಿಧಮನಿ 3.6 ಮಿ.ಮೀ. ಮಣಿಕಟ್ಟಿನ ರೇಡಿಯಲ್ ಅಪಧಮನಿ 1.8, ಗೋಡೆಯಲ್ಲಿ ಸುಣ್ಣ ಕಟ್ಟಿದ ಗುರುತು. ಮೊಣಕೈ ಬಳಿ ಬ್ರೇಕಿಯಲ್ ಅಪಧಮನಿ 3.7.

1.6ಕ್ಕೂ 2.2ಕ್ಕೂ ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ ಬೇರೆಲ್ಲ ಒಂದೇ ಆಗಿದ್ದರೆ ಎರಡನೆಯದರಲ್ಲಿ ಮೂರೂವರೆ ಪಟ್ಟು ಹೆಚ್ಚು ಹರಿವು ಸಾಧ್ಯ.

ವರದಿಯಲ್ಲಿ ಇನ್ನೊಂದು ಅಂಕಿಯೂ ಇತ್ತು: ರೆಟ್ಟೆಯ ಸೆಫಾಲಿಕ್ ಚರ್ಮದಿಂದ 8 ಮಿ.ಮೀ. ಆಳದಲ್ಲಿದೆ. ಅದನ್ನು ಬರೆದರು, ಓದಲಿಲ್ಲ. ಮುಂದಿನ ಕಥೆಯೆಲ್ಲ ಅಲ್ಲಿಂದಲೇ.

ಎಲ್ಲಿ ಮಾಡುವುದು?

1966ರಲ್ಲಿ ಬ್ರೆಸಿಯಾ, ಚಿಮಿನೊ ಮತ್ತು ಸಂಗಡಿಗರು ವರದಿ ಮಾಡಿದ ಮಣಿಕಟ್ಟಿನ ಫಿಸ್ಟುಲಾವೇ ಇಂದಿಗೂ ಎಲ್ಲರ ಮೊದಲ ಆಸೆ. ಕೆಳಗಿನಿಂದ ಶುರುಮಾಡಿದರೆ ಮೇಲಿನ ನರಗಳು ಮುಂದಕ್ಕೆ ಉಳಿಯುತ್ತವೆ. ಆದರೆ ಅಪಧಮನಿಗೆ 2 ಮಿ.ಮೀ. ಕನಿಷ್ಠ ಎಂದು ಹಲವು ಕೇಂದ್ರಗಳು ಇಟ್ಟುಕೊಳ್ಳುತ್ತವೆ. ಇಲ್ಲಿ ರೇಡಿಯಲ್ 1.8, ಅದೂ ಗಡುಸು. ಗಡುಸಾದ ಅಪಧಮನಿ ಹಿಗ್ಗುವುದಿಲ್ಲ. ಫಿಸ್ಟುಲಾ ಬೆಳೆಯುವುದೆಂದರೆ ನರದಷ್ಟೇ ಅಪಧಮನಿಯೂ ಹಿಗ್ಗುವುದು. ಹೀಗಾಗಿ ಮಣಿಕಟ್ಟು ಬಿಟ್ಟು ಮೊಣಕೈಗೆ, ಬ್ರೇಕಿಯಲ್ ಅಪಧಮನಿಗೆ ಸೆಫಾಲಿಕ್ ಜೋಡಿಸುವ ಬ್ರೇಕಿಯೋಸೆಫಾಲಿಕ್ ಫಿಸ್ಟುಲಾಗೆ ಹೋದರು. ಮಹಿಳೆಯರಲ್ಲಿ ಮೊದಲ ಫಿಸ್ಟುಲಾವೇ ರೆಟ್ಟೆಗೆ ಏರಿಬಿಡುವುದು ಸಾಮಾನ್ಯ. ಮುಂದಿನ ದಾರಿಗಳು ಮೊದಲ ದಿನವೇ ಒಂದು ಕಡಿಮೆಯಾಗುತ್ತವೆ, ಕೈಗೆ ರಕ್ತ ಸಾಲದಾಗುವ ಅಪಾಯವೂ ಹೆಚ್ಚುತ್ತದೆ.

ಬೆಸಿಲಿಕ್ ದಪ್ಪವಿತ್ತು, ಆದರೆ ಅದು ಆಳದಲ್ಲಿ, ಒಳಮಗ್ಗುಲಲ್ಲಿ ಹೋಗುತ್ತದೆ. ಎತ್ತಿ ತಂದು ಕೂರಿಸದೆ ಚುಚ್ಚಲಾಗದು. 4 ಮಿ.ಮೀ.ಗಿಂತ ಸಣ್ಣದಿದ್ದರೆ ಎರಡು ಹಂತದಲ್ಲಿ ಮಾಡುವುದು ರೂಢಿ. ಅದನ್ನು ಮುಂದಕ್ಕೆಂದು ಮುಟ್ಟದೆ ಬಿಟ್ಟದ್ದು ಒಳ್ಳೆಯ ನಿರ್ಧಾರ. ಕ್ಯಾತಿಟರ್ ಬಲಗಡೆ, ಫಿಸ್ಟುಲಾ ಎಡಗಡೆ ಎಂಬುದೂ ಸರಿಯಾಗಿತ್ತು. ಎರಡೂ ಒಂದೇ ಬದಿಯಾದರೆ ಎದೆಯೊಳಗಿನ ದೊಡ್ಡ ಅಭಿಧಮನಿ ಕಿರಿದಾಗಿ ಇಡೀ ಕೈ ಊದಿಕೊಳ್ಳಬಹುದು. ಸ್ತನ ಕ್ಯಾನ್ಸರಿಗೆ ಕಂಕುಳ ಗ್ರಂಥಿ ತೆಗೆಸಿಕೊಂಡಿದ್ದಾರೆಯೇ ಎಂಬ ಪ್ರಶ್ನೆಯನ್ನೂ ಈ ಹಂತದಲ್ಲೇ ಕೇಳಬೇಕು. ಇಲ್ಲಿ ಕೇಳಿದ್ದರು, ಇರಲಿಲ್ಲ.

ಮೂರನೇ ವಾರ ಶಸ್ತ್ರಚಿಕಿತ್ಸೆ. ಜಾಗಕ್ಕಷ್ಟೇ ಮರಗಟ್ಟಿಸುವ ಬದಲು ಇಡೀ ಕೈಗೆ ಬ್ರೇಕಿಯಲ್ ಪ್ಲೆಕ್ಸಸ್ ಬ್ಲಾಕ್ ಕೊಟ್ಟರು. ಬ್ಲಾಕ್ ಕೊಟ್ಟರೆ ರಕ್ತನಾಳಗಳು ಬಿಗಿ ಬಿಟ್ಟು ಹಿಗ್ಗುತ್ತವೆ. 2016ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದ 126 ಮಂದಿಯ ಪ್ರಯೋಗದಲ್ಲಿ ಮೂರು ತಿಂಗಳ ನಂತರ ತೆರೆದೇ ಉಳಿದ ಫಿಸ್ಟುಲಾಗಳು ಬ್ಲಾಕ್ ಗುಂಪಿನಲ್ಲಿ ಶೇ. 84, ಜಾಗದ ಅರಿವಳಿಕೆಯ ಗುಂಪಿನಲ್ಲಿ ಶೇ. 62. ಜೋಡಣೆಯ ಬಾಯಿಯನ್ನು 5 ಮಿ.ಮೀ.ಗೆ ಮಿತಿಗೊಳಿಸಿದರು. ಬ್ರೇಕಿಯಲ್‌ನಲ್ಲಿ ಅದಕ್ಕಿಂತ ದೊಡ್ಡ ಬಾಯಿ ಮಾಡಿದರೆ ಹರಿವು ಹೆಚ್ಚುತ್ತದೆ ನಿಜ, ಬೆರಳಿಗೆ ಹೋಗಬೇಕಾದ ರಕ್ತವೂ ಅತ್ತಲೇ ತಿರುಗುತ್ತದೆ.

ಬ್ಲಾಕ್ ಬಗ್ಗೆ ಒಂದು ಎಚ್ಚರಿಕೆ. ಮಧುಮೇಹವಿರುವ ಮಹಿಳೆ, ಬ್ರೇಕಿಯಲ್ ಅಪಧಮನಿಯ ಫಿಸ್ಟುಲಾ: ಇಸ್ಕೀಮಿಕ್ ಮೊನೊಮೆಲಿಕ್ ನ್ಯೂರೊಪತಿ (ರಕ್ತ ಸಾಲದೆ ಕೈಯ ನರತಂತುಗಳು ಕೆಡುವುದು) ಎಂಬ ಅಪರೂಪದ ಅನಾಹುತ ಕಂಡುಬರುವುದು ಹೆಚ್ಚಾಗಿ ಈ ಜೋಡಿಯಲ್ಲೇ. ಶಸ್ತ್ರಚಿಕಿತ್ಸೆಯಾದ ಕೆಲವೇ ಗಂಟೆಗಳಲ್ಲಿ ಕೈ ಉರಿ, ಬೆರಳು ಎತ್ತಲಾಗದ ಸೋಲು. ಕೈ ಮಾತ್ರ ಬೆಚ್ಚಗೇ ಇರುತ್ತದೆ, ನಾಡಿಯೂ ಸಿಗಬಹುದು. ಅದಕ್ಕೇ "ಬ್ಲಾಕ್ ಇನ್ನೂ ಇಳಿದಿಲ್ಲ" ಎಂದು ರಾತ್ರಿ ಕಳೆದುಬಿಡುತ್ತಾರೆ, ಅಷ್ಟರಲ್ಲಿ ಆ ನರತಂತುಗಳು ಶಾಶ್ವತವಾಗಿ ಕೆಟ್ಟಿರುತ್ತವೆ. ಬ್ಲಾಕ್ ಇಳಿಯಬೇಕಾದ ಸಮಯವನ್ನು ಚಾರ್ಟಿನಲ್ಲಿ ಬರೆದು, ಆ ಹೊತ್ತಿಗೆ ಬೆರಳು ಆಡದಿದ್ದರೆ ಶಸ್ತ್ರವೈದ್ಯರನ್ನು ಕರೆಯಬೇಕು. ಇಲ್ಲಿ ಆರು ಗಂಟೆಗೆ ಹೆಬ್ಬೆರಳು, ಏಳಕ್ಕೆ ಉಳಿದ ಬೆರಳುಗಳು ಆಡಿದವು.

ಕಂಪನ ಇದೆ, ನರ ಬೆಳೆದಿಲ್ಲ

ನಾಲ್ಕು ವಾರದ ಬಳಿಕ ಪರೀಕ್ಷೆ. "ಜುಮ್ ಅನ್ನುತ್ತೆ, ಆದ್ರೆ ನರ ಕಾಣಲ್ಲ" ಎಂದರು ರೋಗಿ. ಅದಕ್ಕಿಂತ ಖಚಿತವಾದ ವಿವರಣೆ ವರದಿಯಲ್ಲೂ ಇರಲಿಲ್ಲ.

ಕೈಯಿಂದ ಮುಟ್ಟಿಯೇ ಅರ್ಧ ಪತ್ತೆಯಾಗುತ್ತದೆ. ಜೋಡಣೆಯ ಮೇಲೆ ಬೆರಳಿಟ್ಟರೆ ಬಲವಾದ, ಕುಟ್ಟುವಂಥ ಬಡಿತ. ಕಂಪನ ಬಡಿತದ ಹೊತ್ತಿಗೆ ಮಾತ್ರ, ನಡುವೆ ಇಲ್ಲ. ಬೆರಳನ್ನು ಮೂರು ಸೆಂ.ಮೀ. ಮೇಲಕ್ಕೆ ಸರಿಸಿದೊಡನೆ ಬಡಿತ ಸತ್ತಂತೆ ಮೆತ್ತಗಾಯಿತು. ಇನ್ನೂ ಮೇಲೆ ನರವನ್ನು ಒತ್ತಿ ಹಿಡಿದರೆ, ಸರಿಯಾದ ಫಿಸ್ಟುಲಾದಲ್ಲಿ ಕೆಳಗಿನ ಬಡಿತ ಏರಬೇಕು. ಇಲ್ಲಿ ಆ ಮೂರು ಸೆಂ.ಮೀ. ಆಚೆ ಏರಲಿಲ್ಲ. ಒಳಹರಿವಿನಲ್ಲೇ ತಡೆ ಎಂದರ್ಥ. ಡಾಪ್ಲರ್ ಅದನ್ನೇ ಹೇಳಿತು: ಜೋಡಣೆಯಿಂದ 3 ಸೆಂ.ಮೀ. ಮೇಲೆ ನರ 1.6 ಮಿ.ಮೀ.ಗೆ ಕಿರಿದಾಗಿದೆ, ಅಲ್ಲಿ ರಕ್ತದ ವೇಗ ಪಕ್ಕದ ಭಾಗದ ಮೂರು ಪಟ್ಟಿಗೂ ಹೆಚ್ಚು. ಬ್ರೇಕಿಯಲ್‌ನಲ್ಲಿ ಅಳೆದ ಹರಿವು ನಿಮಿಷಕ್ಕೆ 380 ಮಿ.ಲೀ., ಮೇಲಿನ ನರ 4.1 ಮಿ.ಮೀ.

ಶಸ್ತ್ರಚಿಕಿತ್ಸೆಯಲ್ಲಿ ಬಿಡಿಸಿ ತಿರುಗಿಸಿದ ಭಾಗ ಅದೇ. ಹರಿವು ಅಲ್ಲಿ ಸುಳಿಗಟ್ಟುತ್ತದೆ, ಒಳಗೋಡೆ ದಪ್ಪಗಾಗುತ್ತದೆ. ಮಹಿಳೆಯರಲ್ಲಿ ಫಿಸ್ಟುಲಾ ಬಲಿಯದಿರುವುದು ಹೆಚ್ಚು ಎಂಬುದಕ್ಕೆ ನರದ ಮೂಲ ಗಾತ್ರವೊಂದನ್ನೇ ಕಾರಣವಾಗಿ ಕೊಡುವುದುಂಟು. ಗಾತ್ರವನ್ನು ಲೆಕ್ಕದಲ್ಲಿ ಸರಿದೂಗಿಸಿದ ಮೇಲೂ ವ್ಯತ್ಯಾಸ ಉಳಿಯುತ್ತದೆಂದು ಒಂದಕ್ಕಿಂತ ಹೆಚ್ಚು ಅಧ್ಯಯನಗಳು ತೋರಿಸಿವೆ. ಹಾಗಾಗಿ "ಸಣ್ಣ ನರ, ಇಷ್ಟೇ ಆಗೋದು" ಎಂದು ಕೈಬಿಡುವ ಮೊದಲು ಎಲ್ಲಿ ಕಿರಿದಾಗಿದೆ ಎಂದು ಹುಡುಕಲೇಬೇಕು. ಅದನ್ನು ಹುಡುಕಿ ಸರಿಪಡಿಸಬಹುದು.

ಎಂಟನೇ ವಾರ ರೆಟ್ಟೆಯ ನರದಿಂದ ಕೆಳಮುಖವಾಗಿ ತಂತಿ ಹಾಯಿಸಿ, 5 ಮಿ.ಮೀ. ಬಲೂನಿನಿಂದ ಹಿಗ್ಗಿಸಿದರು. ಎರಡು ವಾರದಲ್ಲಿ ಹರಿವು 720, ನರ 5.3 ಮಿ.ಮೀ. ಎಲ್ಲರಿಗೂ ನಿರಾಳ.

ಸೂಜಿಯ ಲೆಕ್ಕ

ಹನ್ನೆರಡನೇ ವಾರ ಮೊದಲ ಚುಚ್ಚು. 17 ಗೇಜಿನ (ಗೇಜ್ ಅಂಕಿ ಹೆಚ್ಚಿದಷ್ಟೂ ಸೂಜಿ ಸಣ್ಣ), 25 ಮಿ.ಮೀ. ಉದ್ದದ ಸೂಜಿ, 25 ಡಿಗ್ರಿ ಕೋನ. ರಕ್ತ ಬಂತು, ಟೇಪ್ ಹಾಕಿದರು, ಪಂಪ್ ನಿಮಿಷಕ್ಕೆ 200 ಮಿ.ಲೀ.ಗೆ ಇಟ್ಟರು. ಇಪ್ಪತ್ತು ನಿಮಿಷದಲ್ಲಿ ರೆಟ್ಟೆ ಊದಿ ನೀಲಿಗಟ್ಟಿತು.

ಚುಚ್ಚಿದವರ ಕೈಚಳಕದ ದೋಷ ಎಂದು ಬಗೆದರೆ ತಪ್ಪು. 8 ಮಿ.ಮೀ. ಆಳದ ನರವನ್ನು 25 ಡಿಗ್ರಿಯಲ್ಲಿ ಮುಟ್ಟಲು ಸೂಜಿ ಚರ್ಮದ ಕೆಳಗೆ ಸುಮಾರು 19 ಮಿ.ಮೀ. ಹೋಗಬೇಕು. ಉಳಿಯುವುದು 6 ಮಿ.ಮೀ. ಅಷ್ಟೇ ನರದೊಳಗೆ. ರೋಗಿ ಮೊಣಕೈ ಸ್ವಲ್ಪ ಮಡಿಸಿದರೂ ತುದಿ ಜಾರಿ ಹೊರಗೆ. ಕೋನ ಹೆಚ್ಚಿಸಿ 35 ಮಾಡಿದರೆ 14 ಮಿ.ಮೀ.ನಲ್ಲಿ ನರ ಸಿಗುತ್ತದೆ, ಆದರೆ 5.3 ಮಿ.ಮೀ. ಅಗಲದ ನರವನ್ನು ಆ ಓರೆಯಲ್ಲಿ ದಾಟಲು 9 ಮಿ.ಮೀ. ಸಾಕು. ಉಳಿದ 11 ಮಿ.ಮೀ. ಸೂಜಿಯನ್ನು ಪೂರ್ತಿ ತಳ್ಳಿದರೆ ಹಿಂಗೋಡೆ ತೂತಾಗುತ್ತದೆ. ನರ 4 ಮಿ.ಮೀ. ಆಳದಲ್ಲಿದ್ದಿದ್ದರೆ 25 ಡಿಗ್ರಿಯಲ್ಲೇ 15 ಮಿ.ಮೀ. ಸೂಜಿ ಒಳಗೆ ಭದ್ರವಾಗಿ ಕೂರುತ್ತಿತ್ತು, ನರ ಸೇರಿದ ಮೇಲೆ ಕೋನ ಇಳಿಸಿ ಚಪ್ಪಟೆಯಾಗಿ ತಳ್ಳಲು ಜಾಗವೂ ಇರುತ್ತಿತ್ತು.

ಬಲಿತ ಫಿಸ್ಟುಲಾಗೆ ಹೇಳುವ 'ಆರರ ನಿಯಮ'ದಲ್ಲಿ ಹರಿವು 600, ಅಗಲ 6 ಮಿ.ಮೀ., ಆಳ 6 ಮಿ.ಮೀ.ಗಿಂತ ಕಡಿಮೆ ಎಂದಿದೆ. ಬಾಯಲ್ಲಿ ಉಳಿಯುವುದು ಮೊದಲೆರಡು. ಮೂರನೆಯದು ಮರೆಯುತ್ತದೆ, ಏಕೆಂದರೆ ತೆಳ್ಳಗಿನ ತೋಳಿನಲ್ಲಿ ಅದರ ಅಗತ್ಯವೇ ಬೀಳುವುದಿಲ್ಲ. ಹೆಂಗಸರ ರೆಟ್ಟೆಯಲ್ಲಿ ಚರ್ಮದಡಿಯ ಕೊಬ್ಬಿನ ಪದರ ಸಾಮಾನ್ಯವಾಗಿ ದಪ್ಪ, ತೂಕ ಮಾಮೂಲಿಯಾಗಿದ್ದರೂ ಕೂಡ. ಬಲೂನು ಹಾಕಿದ್ದು ಒಂದು ದೋಷಕ್ಕೆ. ಆಳ ಎಂಬುದು ಬೇರೆಯೇ ದೋಷ. ಒಂದು ಸರಿಯಾದಾಗ ಎರಡೂ ಸರಿಯಾಯಿತು ಎಂದುಕೊಂಡದ್ದೇ ಇಲ್ಲಿನ ಎಡವಟ್ಟು.

ಊತಕ್ಕೆ ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಐಸ್ ಬಿಟ್ಟು ಬಿಟ್ಟು ಇಟ್ಟರು, ಡಯಾಲಿಸಿಸ್ ಕ್ಯಾತಿಟರಿನಲ್ಲೇ ಮುಂದುವರಿಸಿದರು. ಹದಿನೈದನೇ ವಾರ ನರವನ್ನು ಮೇಲೆತ್ತುವ ಶಸ್ತ್ರಚಿಕಿತ್ಸೆ: ನರದ ಉದ್ದಕ್ಕೂ ಬಿಡಿಸಿ, ಕವಲುಗಳನ್ನು ಕಟ್ಟಿ, ಕೊಬ್ಬಿನ ಪದರವನ್ನು ಅದರ ಕೆಳಗೆ ಹೊಲಿದು, ನರವನ್ನು ಗಾಯದ ಗೆರೆಯಿಂದ ಪಕ್ಕಕ್ಕೆ ಚರ್ಮದಡಿ ಕೂರಿಸಿದರು. ಪಕ್ಕಕ್ಕೆ ಎಂಬುದು ಮುಖ್ಯ. ಗಾಯದ ಗೆರೆಯ ಕೆಳಗೇ ಬಿಟ್ಟರೆ ವರ್ಷಗಟ್ಟಲೆ ಗಟ್ಟಿ ಕಲೆಯ ಮೂಲಕವೇ ಚುಚ್ಚಬೇಕಾಗುತ್ತದೆ. ಈಗ ಆಳ 4 ಮಿ.ಮೀ.

ಇಪ್ಪತ್ತನೇ ವಾರ ಮತ್ತೆ ಸೂಜಿ. ಮೊದಲ ವಾರ 17 ಗೇಜಿನ ಒಂದೇ ಸೂಜಿ, ರಕ್ತ ಹಿಂತಿರುಗಿಸಲು ಕ್ಯಾತಿಟರ್. ಎರಡನೇ ವಾರ ಎರಡೂ ಸೂಜಿ, ಪಂಪ್ 200. ಆಮೇಲೆ 16 ಗೇಜ್, ಪಂಪ್ 250. ಜೋಡಣೆಯಿಂದ ಕನಿಷ್ಠ 3 ಸೆಂ.ಮೀ. ಬಿಟ್ಟು ಚುಚ್ಚಬೇಕು, ಎರಡು ಸೂಜಿ ತುದಿಗಳ ನಡುವೆ 5 ಸೆಂ.ಮೀ. ಅಂತರವಿರಬೇಕು, ಪ್ರತಿ ಸಲ ಜಾಗ ಏಣಿಯಂತೆ ಮೇಲೇರಬೇಕು. ಗಿಡ್ಡ ತೋಳಿನಲ್ಲಿ ಏಣಿಗೆ ಮೆಟ್ಟಿಲು ಕಡಿಮೆ. ಹಾಗಾಗಿ ಚುಚ್ಚಿದ ಜಾಗಗಳ ಚಿತ್ರ ಬರೆದು ಮಂಚದ ಬಳಿ ಅಂಟಿಸಿದರು. ಮೂರನೇ ವಾರ ಪೂರ್ತಿ ತೊಂದರೆಯಿಲ್ಲದೆ ನಡೆದ ಮೇಲೆ ಕ್ಯಾತಿಟರ್ ತೆಗೆದರು: ಒಟ್ಟು 161 ದಿನ. ಬಲೂನಿನ ಫಲ ಕಂಡ ಹತ್ತನೇ ವಾರವೇ ನರ ಎತ್ತಿದ್ದರೆ ಐದು ವಾರ ಉಳಿಯುತ್ತಿತ್ತು, ರೆಟ್ಟೆಯ ಆ ಊತವೂ ತಪ್ಪುತ್ತಿತ್ತು.

ಯಾರಿಗೆ ಎಷ್ಟು ಹರಿವು?

ಪಂಪ್ 250 ಸಾಲದು, 350 ಬೇಕೇಬೇಕು ಎಂಬ ವಾದ ಘಟಕದಲ್ಲಿ ಎದ್ದಿತ್ತು. ವಾಟ್ಸನ್ ಸೂತ್ರದ ಪ್ರಕಾರ ಈಕೆಯ ದೇಹದ ನೀರಿನ ಪ್ರಮಾಣ ಸುಮಾರು 28.5 ಲೀಟರ್. ನಾಲ್ಕು ಗಂಟೆಯಲ್ಲಿ ಕೆಟಿ/ವಿ (ಡಯಾಲಿಸಿಸ್ ಡೋಸಿನ ಅಳತೆ) 1.4 ತಲುಪಲು ನಿಮಿಷಕ್ಕೆ 166 ಮಿ.ಲೀ. ಯೂರಿಯಾ ತೆರವು ಸಾಕು. 250ರ ಪಂಪಿಗೆ ಅದು ನಿಲುಕುತ್ತದೆ. 168 ಸೆಂ.ಮೀ., 70 ಕೆ.ಜಿ.ಯ, ಅದೇ ವಯಸ್ಸಿನ ಪುರುಷನಿಗೆ ಸುಮಾರು 39 ಲೀಟರ್, 227 ಮಿ.ಲೀ. ತೆರವು ಬೇಕು. ಜಪಾನಿನಲ್ಲಿ ಪಂಪನ್ನು 200ರ ಆಸುಪಾಸಿನಲ್ಲಿ ನಡೆಸುತ್ತಾರೆ, ಅಲ್ಲಿ ಬಹುಪಾಲು ರೋಗಿಗಳು ಫಿಸ್ಟುಲಾದಲ್ಲೇ ಇದ್ದಾರೆ. ಆರರ ನಿಯಮ ಹುಟ್ಟಿದ್ದು ಪಂಪನ್ನು ಜೋರಾಗಿ ತಿರುಗಿಸುವ ಕಡೆ. 500 ಮಿ.ಲೀ. ಹರಿವಿನ, 5 ಮಿ.ಮೀ. ಅಗಲದ ಫಿಸ್ಟುಲಾವನ್ನು ಸಣ್ಣ ಮೈಯ ಮಹಿಳೆಯಲ್ಲಿ 'ಬಲಿತಿಲ್ಲ' ಎಂದು ತಳ್ಳಿಹಾಕುವ ಮೊದಲು ಇದನ್ನು ನೆನೆಯಬೇಕು.

ಹಾಗೆಂದು ಸಮಯ ಕತ್ತರಿಸಬಾರದು. ಕೆಟಿ/ವಿ ಬೇಗ ತಲುಪಿತೆಂದು ಸಣ್ಣ ಮೈಯ ಮಹಿಳೆಯರನ್ನು ಮೂರು ಗಂಟೆಗೆ ಇಳಿಸಿಬಿಡುವುದು ಕಂಡುಬರುತ್ತದೆ. 2002ರಲ್ಲಿ ಪ್ರಕಟವಾದ ಹೀಮೋ ಅಧ್ಯಯನದಲ್ಲಿ ಒಟ್ಟಾರೆ ಹೆಚ್ಚಿನ ಡೋಸಿನಿಂದ ಲಾಭ ಕಾಣದಿದ್ದರೂ, ಮಹಿಳೆಯರನ್ನಷ್ಟೇ ನೋಡಿದಾಗ ಹೆಚ್ಚಿನ ಡೋಸಿನ ಗುಂಪಿನಲ್ಲಿ ಸಾವು ಕಡಿಮೆಯಿತ್ತು. ಪಂಪ್ ನಿಧಾನವಾಗಲಿ, ಗಂಟೆ ನಾಲ್ಕೇ ಇರಲಿ.

ಗ್ರಾಫ್ಟ್ ಹಾಕಿದ್ದರೆ?

ಕೇಳಬೇಕಾದ ಪ್ರಶ್ನೆಯೇ. ಗ್ರಾಫ್ಟ್ ಎಂದರೆ ಅಪಧಮನಿ, ಅಭಿಧಮನಿಗಳ ನಡುವೆ ಕೂರಿಸುವ ಕೃತಕ ಕೊಳವೆ. 2003ರಿಂದ ಅಮೆರಿಕದಲ್ಲಿ 'ಫಿಸ್ಟುಲಾ ಫಸ್ಟ್' ಅಭಿಯಾನ ಬಂದು ಫಿಸ್ಟುಲಾಗಳ ಪ್ರಮಾಣ ಏರಿತು. ಆದರೆ ಬಲಿಯದ ಫಿಸ್ಟುಲಾಗೆ ಕಾಯುತ್ತ ತಿಂಗಳುಗಟ್ಟಲೆ ಕ್ಯಾತಿಟರಿನಲ್ಲಿ ಉಳಿದವರ ಸಮಸ್ಯೆಯೂ ಎದ್ದು ಕಂಡಿತು. ಗ್ರಾಫ್ಟನ್ನು ಎರಡು ಮೂರು ವಾರದಲ್ಲಿ ಚುಚ್ಚಬಹುದು, ಆಳದ ತಾಪತ್ರಯವಿಲ್ಲ. ಆಮೇಲೆ ಹೆಪ್ಪುಗಟ್ಟುವುದು, ಸೋಂಕು ಹೆಚ್ಚು. ಈ ಕೈಯಲ್ಲಿ ರೆಟ್ಟೆಯ ನರ 2.9 ಇದ್ದುದರಿಂದ ಫಿಸ್ಟುಲಾ ಆಯ್ಕೆ ಸರಿಯೇ ಆಗಿತ್ತು. ಪಟ್ಟಿ ಕಟ್ಟಿ ಅಳೆದರೂ 2 ದಾಟದಿದ್ದರೆ, ಕ್ಯಾತಿಟರ್ ಈಗಾಗಲೇ ಇರುವ ರೋಗಿಯಲ್ಲಿ ಗ್ರಾಫ್ಟಿಗೆ ನೇರ ಹೋಗುವುದೇ ವಿವೇಕ.

ಒಂದು ವಿಷಯ ಇನ್ನೂ ಕಣ್ಗಾವಲಿನಲ್ಲಿದೆ. ಡಯಾಲಿಸಿಸ್‌ನ ಮೂರನೇ ಗಂಟೆಗೆ ಎಡಗೈ ಬೆರಳು ತಣ್ಣಗಾಗಿ ಜೋಮು ಹಿಡಿಯುತ್ತದೆ. ಬೆರಳಿನ ಮತ್ತು ತೋಳಿನ ಒತ್ತಡದ ಅನುಪಾತ 0.68. 0.6ಕ್ಕಿಂತ ಇಳಿದರೆ, ನೋವು ಡಯಾಲಿಸಿಸ್ ಇಲ್ಲದಾಗಲೂ ಬಂದರೆ, ಬೆರಳ ತುದಿಯಲ್ಲಿ ಗಾಯ ಕಂಡರೆ ಫಿಸ್ಟುಲಾದ ಹರಿವನ್ನು ತಗ್ಗಿಸುವ ಅಥವಾ ಕೈಗೆ ಬೇರೆ ದಾರಿಯಿಂದ ರಕ್ತ ಕೊಡುವ ಶಸ್ತ್ರಚಿಕಿತ್ಸೆ ಬೇಕು. ಸದ್ಯಕ್ಕೆ ಡಯಾಲಿಸಿಸ್ ಹೊತ್ತಿನಲ್ಲಿ ಕೈಗೆ ಉಣ್ಣೆಯ ಗವಸು, ಒತ್ತಡ ತೀರಾ ಇಳಿಯದಂತೆ ನೀರು ತೆಗೆಯುವ ವೇಗ ಕಡಿಮೆ, ತಿಂಗಳಿಗೊಮ್ಮೆ ಬೆರಳುಗಳ ಪರೀಕ್ಷೆ. ಕಡತದ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಎರಡು ಸಾಲು ಸೇರಿವೆ: ಎಡ ಬೆಸಿಲಿಕ್ ಮುಂದಕ್ಕೆ ಮೀಸಲು, ಬಲಗೈಗೆ ಪಿಕ್ ಲೈನ್ (ತೋಳಿನ ಅಭಿಧಮನಿಯಿಂದ ಹೃದಯದ ಬಳಿಗೆ ಹಾಯಿಸುವ ಉದ್ದ ಕೊಳವೆ) ಬೇಡ. ರಕ್ತದ ಮಾದರಿಗೆ ಬಲ ಅಂಗೈಯ ಹಿಂಬದಿ ಮಾತ್ರ.